ಬ್ರಾನ್ಸನ್ನಿನಲ್ಲಿ ಎರಡು ಗಂಟೆಯ ಶೋ

ನನ್ನ ಗಂಡ ಅಶ್ವಥ್ ಸುಳ್ಳು ಹೇಳುವ ಮನುಷ್ಯನಲ್ಲ. ಮಿಶಿಗನ್ನಿನ ನಮ್ಮ ರಾಚೆಸ್ಟರ್ ಹಿಲ್ಸಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಮೂವತ್ತು ವರ್ಷದ ಅಮೆರಿಕದ ಬದುಕಿನಲ್ಲಿ ಅವರು ಹೇಳಿದ್ದು ಒಂದೇ ಒಂದು ಸುಳ್ಳು. ಆದರೆ ಆ ಒಂದನ್ನೇ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ, ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ, ಇಂಡಿಯನ್ ಅಂಗಡಿಯ ಕರಿಬೇವಿನ ಮುಂದೆ ನಿಂತು ನೂರಾರು ಸಲ ಹೇಳಿದ್ದಾರೆ: "ಇಳಾನಾ? ಮಿಸ್ಸೂರೀಲಿದಾಳೆ. ರೆಸಿಡೆನ್ಸಿ ಮಾಡ್ತಿದಾಳೆ." ಮೊದಮೊದಲು ಅದು ‘ಮೆಡಿಕಲ್ ಓದ್ತಿದಾಳೆ’ ಎಂದಿತ್ತು, ಸುಳ್ಳಿಗೂ ಪ್ರಮೋಷನ್ ಆಗಿ ಈಗ ರೆಸಿಡೆನ್ಸಿಗೆ, ಅಂದರೆ ಓದು ಮುಗಿಸಿದ ಡಾಕ್ಟರ ಆಸ್ಪತ್ರೆ ತರಬೇತಿಗೆ, ಬಂದಿದೆ. ಪಕ್ಕದಲ್ಲಿ ನಿಂತು ಹಲ್ಲು ಕಿರಿದವಳು ನಾನು, ಭಾನು. ಅವರೊಬ್ಬರನ್ನೇ ದೂರಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು.

ನಮ್ಮ ಒಬ್ಬಳೇ ಮಗಳು ಮಿಸ್ಸೂರಿಯಲ್ಲಿ ಇರುವುದೇನೋ ನಿಜ. ಡೆಟ್ರಾಯಿಟಿನ ಮೆಡಿಕಲ್ ಕಾಲೇಜನ್ನು ಎರಡನೇ ವರ್ಷಕ್ಕೆ ಬಿಟ್ಟು, ಬ್ರಾನ್ಸನ್ ಎಂಬ ಊರು ಸೇರಿ, ತಲೆಗೆ ಹ್ಯಾಟು, ಕಾಲಿಗೆ ಕೆಂಪು ಬೂಟು ಹಾಕಿಕೊಂಡು ಅಲ್ಲಿನ ಟಕ್ಕರ್ ಫ್ಯಾಮಿಲಿ ಶೋ ಎಂಬ ಕಂಟ್ರಿ ಮ್ಯೂಸಿಕ್ ಕಂಪನಿಯಲ್ಲಿ ಪಿಟೀಲು ಬಾರಿಸುತ್ತಾಳೆ. ಅಲ್ಲಿ ಅವಳ ಹೆಸರು ಎಲ್ಲೀ ಆಶ್. ಆಶ್ ಅಂದರೆ ಅಶ್ವಥ್‌ನ ಮೊದಲ ತುಂಡು. ಅಪ್ಪ ಅವಳ ಹೆಸರು ಎತ್ತಲು ನಾಚುತ್ತಿದ್ದಾಗಲೂ ಅವಳು ಅಪ್ಪನ ಹೆಸರನ್ನು ಬಿಟ್ಟಿರಲಿಲ್ಲ. ಎರಡೂವರೆ ವರ್ಷದ ಹಿಂದೆ, ಯುಗಾದಿಗೆ ಬಂದಿದ್ದವಳ ಎದುರೇ ಫೋನಿನಲ್ಲಿ ಇವರು ಯಾರಿಗೋ "ಹೌದೌದು, ಡಾಕ್ಟರ್ ಆಗೋಕೆ ಇನ್ನೇನು" ಎಂದರು. ಅವಳು ತಟ್ಟೆ ಬಿಟ್ಟು ಎದ್ದವಳು, ಅರ್ಧ ತಿಂದ ಹೋಳಿಗೆಯನ್ನು ಅಲ್ಲೇ ಬಿಟ್ಟು, ಕಾರು ಹತ್ತಿ ಹೋದಳು. ಆಮೇಲೆ ನಾನು ಅವಳ ಮುಖ ಕಂಡಿರಲಿಲ್ಲ.

ಈಗ ನಮ್ಮ ಗ್ರಹಚಾರ ನೋಡಿ. ಸಂಘದ ಹಿರಿಯರ ಗುಂಪು ಪ್ರತಿ ಸೆಪ್ಟೆಂಬರಿನಲ್ಲಿ ಬಸ್ಸು ಮಾಡಿಕೊಂಡು ಎಲ್ಲಿಗಾದರೂ ಹೋಗುತ್ತದೆ. ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮಂದಿರು, ನಮ್ಮಂಥ ಅರೆ ಮುದುಕರು, ಎಲ್ಲ ಸೇರಿ ನಲವತ್ತು ಜನ. ಒಂದು ವರ್ಷ ನಯಾಗರ, ಒಂದು ವರ್ಷ ಮ್ಯಾಕಿನಾ ದ್ವೀಪ. ಈ ಸಲ ಟ್ರಿಪ್ಪಿನ ಯಜಮಾನಿಕೆ ಜಯಸಿಂಹ ಅವರದು. ಐದು ವರ್ಷದ ಕೆಳಗೆ ಬೆಂಗಳೂರಿನ ಜಯನಗರದಿಂದ ಮಗನ ಮನೆಗೆ ಬಂದು ನೆಲೆಸಿದ ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೈಗೆ ಮೈಕು ಸಿಕ್ಕರೆ ಬಿಡುವ ಆಸಾಮಿಯಲ್ಲ.

"ಬ್ರಾನ್ಸನ್ ಅಂತ ಒಂದು ಊರಿದೆ ಕಣ್ರೀ. ಒಂದೇ ರಸ್ತೆ, ನಲವತ್ತು ಥಿಯೇಟರು! ಬೆಳಗ್ಗೆ ಹತ್ತು ಗಂಟೆಗೇ ಶೋ ಶುರು. ಕುಡಿತ ಇಲ್ಲ, ಕೆಟ್ಟ ಮಾತಿಲ್ಲ, ಅರೆಬರೆ ಬಟ್ಟೆ ಇಲ್ಲ. ಸಂಪೂರ್ಣ ಫ್ಯಾಮಿಲಿ ಫ್ರೆಂಡ್ಲಿ. ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡ್ಬಹುದು" ಎಂದರು ಅವರು, ನಮ್ಮದೇ ಡ್ರಾಯಿಂಗ್ ರೂಮಿನಲ್ಲಿ ಕೂತು. ನನ್ನ ಗಂಡನಿಗೆ ಕಾಫಿ ನೆತ್ತಿಗೆ ಹತ್ತಿತು. ಆದರೆ ಬೇಡ ಅನ್ನಲು ಕಾರಣ ಕೊಡಬೇಕಲ್ಲ? ಬಾಯಿ ಬಿಟ್ಟರೆ ಬಣ್ಣಗೇಡು. ಜಯಸಿಂಹ ಹೋದ ಮೇಲೆ, "ನಲವತ್ತು ಥಿಯೇಟರಲ್ಲಿ ಅವಳಿರೋ ಕಡೆಗೇ ಹೋಗ್ತೀವಾ? ಸುಮ್ನಿರು" ಎಂದು ನನಗೆ ಸಮಾಧಾನ ಹೇಳಿದರು.

ಥಿಯೇಟರಿನ ಸೀಟು ಬುಕ್ ಮಾಡುವ ಕೆಲಸ ನನ್ನ ತಲೆಗೆ ಬಂತು. ನಾನು ಟಕ್ಕರ್ ಫ್ಯಾಮಿಲಿ ಶೋ ಬುಕ್ ಮಾಡಿದೆ. ಕಾಗದ ಇವರ ಕೈಗೇ ಕೊಟ್ಟೆ. ಇವರು ಹೆಸರು ಓದಿ, ಮಡಿಚಿ, ಜೇಬಿಗೆ ಹಾಕಿಕೊಂಡರು. ಮಗಳು ಯಾವ ಥಿಯೇಟರಿನಲ್ಲಿ ಬಾರಿಸುತ್ತಾಳೆಂದು ಒಂದು ದಿನವೂ ಕೇಳಿದವರಲ್ಲ, ಹೆಸರು ನೋಡಿ ಏನು ತಿಳಿಯಬೇಕು!

ಇಳಾಗೆ ಮೆಸೇಜ್ ಮಾಡಿದೆ. ಹದಿನಾಲ್ಕನೇ ತಾರೀಕು, ಎರಡು ಗಂಟೆಯ ಶೋಗೆ ನಾವು ಬರುತ್ತಿದ್ದೇವೆ, ಬಸ್ಸಿನ ತುಂಬ ನಮ್ಮವರು. ಒಂದು ದಿನ ಉತ್ತರವಿಲ್ಲ. ಮಾರನೆಯ ದಿನ ಇಂಗ್ಲಿಷಿನಲ್ಲಿ ಬಂತು. ಬಸ್ಸಿನಲ್ಲಿರೋರಿಗೆಲ್ಲ ನಾನು ಯಾರು ಅಂತ ಗೊತ್ತಾ ಅಮ್ಮ? ಗೊತ್ತಿದ್ದರೆ ಶೋ ಮುಗಿದ ಮೇಲೆ ಲಾಬಿಗೆ ಬಂದು ಒಬ್ಬೊಬ್ಬರ ಕಾಲಿಗೂ ನಮಸ್ಕಾರ ಮಾಡ್ತೀನಿ, ಬೂಟು ಹಾಕಿಕೊಂಡೇ. ಗೊತ್ತಿಲ್ಲದಿದ್ದರೆ ದಯವಿಟ್ಟು ಬೇರೆ ಥಿಯೇಟರಿಗೆ ಹೋಗಿ. ಇನ್ನೊಂದು ಸಲ ನಾನು ಅಲ್ಲಿ ನಿಂತು ಆ ಸುಳ್ಳನ್ನ ಕೇಳಿಸಿಕೊಳ್ಳಲ್ಲ.

"ಹೇಳ್ತೀನಿ ಪುಟ್ಟಿ. ಅಲ್ಲಿಗೆ ಬರೋದರೊಳಗೆ ಎಲ್ಲರಿಗೂ ಹೇಳಿರ್ತೀನಿ. ಆಣೆ" ಎಂದು ಬರೆದೆ. ಆಣೆ ಎಂದು ಬರೆದವಳು ನಾನೇ. ಅವಳೇನೂ ಕೇಳಿರಲಿಲ್ಲ.

ಹೊರಡುವ ಹಿಂದಿನ ದಿನ ಕೋಡುಬಳೆ ಮಾಡಿದೆ. ಇಳಾ ಸ್ಕೂಲಿಗೆ ಊಟ ಒಯ್ಯುತ್ತಿದ್ದ ಸ್ಟೀಲಿನ ಡಬ್ಬಿಯನ್ನು ಹುಡುಕಿ ತೆಗೆದು ಅದರಲ್ಲಿ ತುಂಬಿಸಿದೆ. ಮುಚ್ಚಳದ ಮೇಲೆ ಅವಳ ಹೆಸರು ಕೊರೆಸಿದ್ದು ಇನ್ನೂ ಇತ್ತು. ಬೆಳಗ್ಗೆ ಆರು ಗಂಟೆಗೆ ದೇವಸ್ಥಾನದ ಮುಂದೆ ಬಸ್ಸು ಹತ್ತಿದಾಗ ನನ್ನ ಪಕ್ಕಕ್ಕೆ ರುದ್ರಮ್ಮನವರನ್ನು ಕೂರಿಸಿದರು. ವೆಸ್ಟ್ ಬ್ಲೂಮ್‌ಫೀಲ್ಡಿನ ಡಾಕ್ಟರ್ ಈರೇಶ್ ಅವರ ತಾಯಿ, ಗದಗಿನ ಕಡೆಯವರು. ಎಪ್ಪತ್ತೆಂಟು ವರ್ಷ, ಎರಡು ಮಂಡಿಯೂ ಹೋಗಿವೆ, ಗಾಲಿ ಕುರ್ಚಿ ಬೇಕು. "ಆಂಟಿ, ಅಮ್ಮನ್ನ ನಿಮ್ಮ ಮ್ಯಾಲೆ ಬಿಟ್ಟೀನಿ" ಎಂದು ಹೇಳಿ ಈರೇಶ್ ಡ್ಯೂಟಿಗೆ ಓಡಿದರು.

ಬಸ್ಸು ಫ್ರೀವೇ ಹತ್ತುತ್ತಲೇ ರುದ್ರಮ್ಮ, "ಡಬ್ಬಿಯೊಳಗ ಏನೈತೆವಾ? ವಾಸನಿ ಘಮ್ ಅಂತೈತಿ" ಎಂದರು.

"ಕೋಡುಬಳೆ ಅಜ್ಜಿ. ಅಲ್ಲೊಬ್ಬರಿಗೆ ಕೊಡೋದಿದೆ."

"ಯಾರಿಗೆ?"

ಹೇಳು, ಹೇಳು ಅಂದಿತು ಮನಸ್ಸು. ಒಬ್ಬಳಿಗೆ ಹೇಳಿದರೆ ನಲವತ್ತು ಜನಕ್ಕೆ ಹೇಳುವುದು ಸುಲಭ. ಅಷ್ಟರಲ್ಲಿ ಮುಂದಿನ ಸೀಟಿನಿಂದ ನನ್ನ ಗಂಡ ತಿರುಗಿ, "ತಿಂಡಿ ಪ್ಯಾಕೆಟ್ ಎಲ್ಲಿಟ್ಟಿದೀಯ?" ಎಂದರು. ನಾನು ತಿಂಡಿ ಹುಡುಕಿದೆ. ಮಿಶಿಗನ್ ಮುಗಿಯಿತು, ಇಂಡಿಯಾನಾ ಮುಗಿಯಿತು. ಮಧ್ಯಾಹ್ನಕ್ಕೆ ಶಿಕಾಗೋ ದಾಟಿ ಲೊಂಬಾರ್ಡಿನಲ್ಲಿ ಅಲ್ಲಿನ ಎಂಟು ಜನರನ್ನು ಹತ್ತಿಸಿಕೊಂಡೆವು. ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ.

ಲೊಂಬಾರ್ಡ್ ಬಿಟ್ಟ ಕೂಡಲೇ ಜಯಸಿಂಹ ಮೈಕು ಹಿಡಿದರು. ನಮ್ಮ ಟ್ರಿಪ್ಪುಗಳಲ್ಲಿ ಇದೊಂದು ಶಾಸ್ತ್ರ. ಮೈಕು ಸೀಟಿಂದ ಸೀಟಿಗೆ ಬರುತ್ತದೆ. ಹೆಸರು, ಊರು, ಮಕ್ಕಳು ಎಲ್ಲಿ ಏನು ಮಾಡುತ್ತಿದ್ದಾರೆ, ಮೂರನ್ನೂ ಹೇಳಬೇಕು. ಹೆಸರು ಊರುಗಳನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಮೂರನೆಯದಕ್ಕೆ ಕಿವಿ ನಿಮಿರುತ್ತವೆ, ಚಪ್ಪಾಳೆಯೂ ಅದಕ್ಕೇ. ಲೊಂಬಾರ್ಡಿನ ಗುರುಸಿದ್ದ ಎಂಬವರು ತಮ್ಮ ಇಬ್ಬರು ಗಂಡುಮಕ್ಕಳ ಕಂಪನಿ, ಹುದ್ದೆ, ಮನೆಯಿರುವ ಸಬ್‌ಡಿವಿಷನ್ನು ಎಲ್ಲ ಒಪ್ಪಿಸಿ ಕೂತರು. ಮೈಕು ನನ್ನ ಕೈಗೆ ಬಂತು.

ಇದೇ ಸಮಯ ಅಂದುಕೊಂಡೆ. ಎದ್ದು ನಿಂತೆ. "ನಾನು ಭಾನು. ಮೈಸೂರು. ನನಗೊಬ್ಬಳೇ ಮಗಳು, ಇಳಾ. ನಾವೀಗ ಹೋಗ್ತಿದೀವಲ್ಲ, ಆ ಊರಲ್ಲೇ ಅವಳು..."

"ಮಿಸ್ಸೂರೀಲೇ ಇದಾಳೆ" ಎಂದು ನನ್ನ ಗಂಡ ಎದ್ದು ಮೈಕಿಗೆ ಬಾಯಿ ಕೊಟ್ಟರು. "ರೆಸಿಡೆನ್ಸಿ. ತುಂಬಾ ಬಿಜಿ ಪಾಪ."

ಬಸ್ಸಿನ ತುಂಬ ಚಪ್ಪಾಳೆ. ಜಯಸಿಂಹ, "ಅರೆ ವ್ಹಾ! ನಂಗೆ ಹೊಳೀಲೇ ಇಲ್ವಲ್ಲ ಮೇಡಂ, ನಾವು ಹೋಗ್ತಿರೋದೂ ಮಿಸ್ಸೂರಿಗೇ!" ಎಂದು ಮುಖವರಳಿಸಿ, ಜೇಬಿನ ಡೈರಿ ತೆಗೆದು ಏನೋ ಬರೆದುಕೊಂಡರು. ಮೈಕನ್ನು ರುದ್ರಮ್ಮನ ಕೈಗೆ ಕೊಟ್ಟೆ. ಅಲ್ಲೇ ನಿಂತು, ಇಲ್ಲ, ಇವರು ಹೇಳಿದ್ದು ಸುಳ್ಳು ಅನ್ನಬಹುದಿತ್ತು. ಅದಕ್ಕೆ ಎಷ್ಟು ಉಸಿರು ಬೇಕಿತ್ತು? ಒಂದು ಉಸಿರು. ಆದರೆ ಗಂಡನ ಮಾನವನ್ನು ಮೈಕಿನಲ್ಲಿ ತೆಗೆಯುವ ಹೆಂಗಸಾಗಿ ನಾನು ಬೆಳೆದಿರಲಿಲ್ಲ. ಮಗಳ ಮಾನದ ವಿಷಯಕ್ಕೆ ನನಗೆ ಅಷ್ಟು ಶಿಸ್ತು ಇರಲಿಲ್ಲ, ನೋಡಿ.

ಸೇಂಟ್ ಲೂಯಿಸಿನಲ್ಲಿ ತಂಗಿ, ಮಾರನೆಯ ದಿನ ಮಧ್ಯಾಹ್ನ ಬ್ರಾನ್ಸನ್ ಮುಟ್ಟಿದೆವು. ಗುಡ್ಡದ ನೆತ್ತಿಯ ಮೇಲೆ ಒಂದೇ ಉದ್ದ ರಸ್ತೆ. ಅದರ ಎರಡೂ ಕಡೆ ಥಿಯೇಟರು, ಗೋ-ಕಾರ್ಟು, ಮಿನಿ ಗಾಲ್ಫು, ಮೇಣದ ಬೊಂಬೆಗಳ ಮನೆ, ಪ್ಯಾನ್‌ಕೇಕ್ ಹೋಟೆಲು. ಎಲ್ಲೆಲ್ಲೂ ನಗುವ ಕುಟುಂಬಗಳ ಬೋರ್ಡು: ಅಪ್ಪ, ಅಮ್ಮ, ಐದು ಮಕ್ಕಳು, ಎಲ್ಲರ ಕೈಯಲ್ಲೂ ಒಂದೊಂದು ವಾದ್ಯ, ಬಾಯ್ತುಂಬ ಹಲ್ಲು. ಮಧ್ಯದಲ್ಲಿ ದೊಡ್ಡದೊಂದು ಜಯಂಟ್ ವೀಲ್. ಅದು ಮೊದಲು ಶಿಕಾಗೋದ ನೇವಿ ಪಿಯರಿನಲ್ಲಿತ್ತಂತೆ, ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದಾರೆ ಎಂದು ಜಯಸಿಂಹ ಮೈಕಿನಲ್ಲಿ ವಿವರಿಸಿದರು. ಇಳಾಗೆ ಎಂಟು ವರ್ಷವಿದ್ದಾಗ ಅದರಲ್ಲೇ ನಾವು ಮೂವರೂ ಕೂತಿದ್ದೆವು. ತೊಟ್ಟಿಲು ಮೇಲೇರಿದಾಗ ಅವಳು ಹೆದರಿ ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಇವರ ಮುಖ ನೋಡಿದೆ. ಇವರು ಕಿಟಕಿಯ ಪರದೆ ಎಳೆದುಕೊಂಡರು.

ಥಿಯೇಟರಿನ ಲಾಬಿಯಲ್ಲಿ ಒಬ್ಬಳು ಹುಡುಗಿ ಪ್ರತಿ ಬಸ್ಸಿನ ಮುಖಂಡನಿಗೂ ಒಂದು ಚೀಟಿ ಕೊಡುತ್ತಿದ್ದಳು. ನಿಮ್ಮ ಗುಂಪಿನಲ್ಲಿ ಯಾರದಾದರೂ ಹುಟ್ಟುಹಬ್ಬವೇ, ಮದುವೆಯ ಐವತ್ತು ವರ್ಷವೇ, ಇನ್ನೇನಾದರೂ ವಿಶೇಷವೇ, ಬರೆದುಕೊಡಿ, ಸ್ಟೇಜಿನಿಂದ ಓದುತ್ತಾರೆ ಎಂದಳು. ಜಯಸಿಂಹ ಡೈರಿ ತೆಗೆದು ಉತ್ಸಾಹದಿಂದ ಬರೆಯತೊಡಗಿದರು. ನಾನು ರುದ್ರಮ್ಮನ ಕುರ್ಚಿ ತಳ್ಳಿಕೊಂಡು ಒಳಗೆ ಹೋದೆ. ಆ ಚೀಟಿಯಲ್ಲೇನಿದೆ ಎಂದು ಬಗ್ಗಿ ನೋಡುವ ಬುದ್ಧಿ ಬರಲಿಲ್ಲ.

ಪರದೆ ಎದ್ದಿತು. ಟಕ್ಕರ್ ಮನೆಯ ಏಳು ಜನ, ಜೊತೆಗೆ ವಾದ್ಯದವರು ನಾಲ್ವರು. ಎಡತುದಿಯಲ್ಲಿ ಇಳಾ. ಕೂದಲಿಗೆ ಜೇನಿನ ಬಣ್ಣ ಹಾಕಿಸಿದ್ದಳು, ಮುಖದ ತುಂಬ ಮೇಕಪ್ಪು, ಬಿಳಿ ಹ್ಯಾಟು. ತೆಳ್ಳಗಾಗಿದ್ದಳು. ಗಲ್ಲದ ಕೆಳಗೆ ಪಿಟೀಲಿಟ್ಟು ನಗುತ್ತಾ ಕಾಲು ಕುಟ್ಟುತ್ತಾ ಬಾರಿಸುತ್ತಿದ್ದಳು. ನನ್ನ ಎದೆಯಲ್ಲಿ ಎರಡೂವರೆ ವರ್ಷದಿಂದ ಕಟ್ಟಿಕೊಂಡಿದ್ದು ಒಮ್ಮೆಲೇ ಕರಗಿ ಕಣ್ಣಿಗೆ ಬಂತು. ಏನು ಚೆನ್ನಾಗಿದ್ದಳು ನನ್ನ ಕೂಸು!

ಇವರಿಗೆ ಗುರುತು ಹತ್ತಲು ಎರಡು ಹಾಡು ಬೇಕಾಯಿತು. ನನ್ನ ಮೊಣಕೈ ಹಿಡಿದರು. "ಭಾನು. ಅದು..."

"ಹೌದು."

"ನಿಂಗೆ ಗೊತ್ತಿತ್ತಾ?"

"ನಾನೇ ಬುಕ್ ಮಾಡಿದ್ದು."

ಬೈಯುತ್ತಾರೆ ಅಂದುಕೊಂಡೆ. ಇವರು ಬೈಯಲಿಲ್ಲ. ಹಿಂದೆ ಮುಂದೆ ನಮ್ಮವರ ಸಾಲುಗಳನ್ನು ಒಂದು ಸಲ ಕಣ್ಣಾಡಿಸಿ, "ಯಾರಾದ್ರೂ ಗುರುತು ಹಿಡಿದ್ರೆ?" ಎಂದರು. ಮಗಳನ್ನು ಎರಡೂವರೆ ವರ್ಷದ ಮೇಲೆ ಕಂಡ ಅಪ್ಪನ ಮೊದಲ ಮಾತು ಅದು. ನನಗೆ ಮೈಯೆಲ್ಲ ಉರಿಯಿತು. ಯಾರು ಗುರುತು ಹಿಡಿಯುತ್ತಾರೆ? ಅವಳನ್ನು ಚಿಕ್ಕಂದಿನಲ್ಲಿ ಕಂಡವರು ಬಸ್ಸಿನಲ್ಲಿ ಇಬ್ಬರೋ ಮೂವರೋ, ಅವರಿಗೂ ಈಗ ಕಣ್ಣು ಸಾಲದು.

ಹಾಡು, ನಗೆಚಾಟಿಕೆ, ಸೈನ್ಯದಲ್ಲಿ ಕೆಲಸ ಮಾಡಿದ ಮುದುಕರನ್ನು ಎಬ್ಬಿಸಿ ನಿಲ್ಲಿಸಿ ಗೌರವ. ಆಮೇಲೆ ಟಕ್ಕರ್ ಮನೆಯ ಹಿರಿಮಗ, ಬಿಳಿ ಸೂಟಿನವನು, ಚೀಟಿಗಳ ಕಟ್ಟು ಹಿಡಿದು ಮುಂದೆ ಬಂದ. ಅಯೋವಾದ ದಂಪತಿಗೆ ಐವತ್ತೈದನೇ ವಾರ್ಷಿಕೋತ್ಸವ, ಕ್ಯಾನ್ಸಸ್‌ನ ಒಂದು ಮಗುವಿಗೆ ಐದನೇ ಹುಟ್ಟುಹಬ್ಬ. ಮುಂದಿನ ಚೀಟಿ ತೆಗೆದ.

"ಮಿಶಿಗನ್ನಿಂದ, ಇಲಿನಾಯ್‌ನಿಂದ ನಮ್ಮ ಇಂಡಿಯನ್ ಸ್ನೇಹಿತರು ಒಂದು ಬಸ್ಸು ತುಂಬ ಬಂದಿದ್ದಾರೆ!" ಎಂದ ಇಂಗ್ಲಿಷಿನಲ್ಲಿ. ನಮ್ಮವರು ಕೂಗಿದರು. "ಅವರಲ್ಲಿ ಒಬ್ಬ ಅಪ್ಪ ಅಮ್ಮ ಇದ್ದಾರಂತೆ. ಅಶ್-ವತ್, ಬಾ-ನೂ. ತಪ್ಪು ಹೇಳಿದರೆ ಕ್ಷಮಿಸಿ! ಅವರ ಮಗಳು ನಮ್ಮ ಮಿಸ್ಸೂರಿಯಲ್ಲೇ ಡಾಕ್ಟರ್ ಆಗಿ ಜೀವ ಉಳಿಸುತ್ತಿದ್ದಾಳಂತೆ. ಅಮ್ಮ, ಅಪ್ಪ, ಎಲ್ಲಿದ್ದೀರಿ? ಎದ್ದು ನಿಲ್ಲಿ! ಇಂಥ ಮಗಳನ್ನು ಬೆಳೆಸಿದವರನ್ನು ನಾವೆಲ್ಲ ನೋಡಬೇಡವೇ?"

ಬೆಳಕು ತಿರುಗಿ ನಮ್ಮ ಸಾಲಿಗೆ ಬಂತು. ಜಯಸಿಂಹ ಹಿಂದಿನಿಂದ ಬೆನ್ನು ತಟ್ಟಿ, "ಏಳಿ ಮೇಡಂ, ಏಳಿ!" ಎಂದರು. ಇವರು ಎದ್ದರು. ನಾನೂ ಎದ್ದೆ. ಯಾಕೆ ಎದ್ದೆ ಎಂದು ಕೇಳಬೇಡಿ, ನೂರು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸಾವಿರಾರು ಜನ ಚಪ್ಪಾಳೆ ತಟ್ಟಿದರು. ಇವರು ಕೈ ಮುಗಿದರು. ನಾನೂ ಮುಗಿದೆ. ಸ್ಟೇಜಿನ ಎಡತುದಿಯಲ್ಲಿ ಇಳಾ ಪಿಟೀಲನ್ನು ಕಂಕುಳಿಗೆ ಸಿಕ್ಕಿಸಿ, ಮಿಕ್ಕ ವಾದ್ಯದವರ ಜೊತೆ ತಾನೂ ಚಪ್ಪಾಳೆ ತಟ್ಟುತ್ತಿದ್ದಳು. ಆ ಇಲ್ಲದ ಡಾಕ್ಟರ್ ಮಗಳಿಗಾಗಿ ತಟ್ಟುತ್ತಿದ್ದಳು. ಶೋನಲ್ಲಿ ಚಪ್ಪಾಳೆ ತಟ್ಟುವ ಹೊತ್ತಿಗೆ ತಟ್ಟಲೇಬೇಕಲ್ಲ. ಮುಖದ ನಗು ಮಾತ್ರ ಹಾಗೇ ಇತ್ತು.

ಅದಾದ ಮೇಲೆ ಅವಳದೇ ಐಟಂ. ಮುಂದೆ ಬಂದು ಮೊದಲು ನಿಂತು ಬಾರಿಸಿದಳು. ಅರ್ಧದಲ್ಲಿ ಹ್ಯಾಟು ತೆಗೆದಿಟ್ಟು, ಸ್ಟೇಜಿನ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಪಿಟೀಲನ್ನು ಎದೆಗೆ ಆನಿಸಿ, ಅದರ ತುದಿಯನ್ನು ಬಲಗಾಲಿನ ಕೆಂಪು ಬೂಟಿನ ಮೇಲಿಟ್ಟು ಅದೇ ಕಂಟ್ರಿ ಟ್ಯೂನನ್ನು ಗಮಕ ಹಾಕಿ ಎಳೆದಳು. ಜನ ಹುಚ್ಚೆದ್ದು ಕೂಗಿದರು. ನಮ್ಮ ಸಾಲಿನಲ್ಲಿ ಗುಸುಗುಸು ಎದ್ದಿತು. "ಅರೆ, ನಮ್ಮ ಕಛೇರಿ ಥರ ಕೂತಳಲ್ರೀ!" ಎಂದರು ಗುರುಸಿದ್ದ. "ಮೆಕ್ಸಿಕೋದವಳಿರಬೇಕು. ಈಗೆಲ್ಲ ಯೂಟ್ಯೂಬ್ ನೋಡಿ ಕಲೀತಾರೆ" ಎಂದರು ಜಯಸಿಂಹ, ಎಲ್ಲ ಬಲ್ಲವರ ಹಾಗೆ.

ಬಿಳಿ ಸೂಟಿನವನು ಮೈಕು ಹಿಡಿದು, "ಎಲ್ಲೀ, ಹೀಗೆ ಕೂತು ಬಾರಿಸೋದನ್ನ ಯಾರು ಕಲಿಸಿದರು?" ಎಂದು ಕೇಳಿದ. ದಿನವೂ ಕೇಳುವ ಪ್ರಶ್ನೆಯೇ ಇರಬೇಕು, ಅವಳ ಉತ್ತರವೂ ಬಾಯಿಪಾಠವೇ ಇರಬೇಕು. ಆದರೆ ಅವತ್ತು ಅವಳು ತಡೆದಳು. ಕತ್ತಲಲ್ಲಿ ನಮ್ಮ ಸಾಲಿನ ಕಡೆಗೇ ನೋಡಿದಳು.

"ಮೈ ಮಾಮಾ" ಎಂದಳು, ಅಲ್ಲಿಯವರು ಅಮ್ಮನಿಗೆ ಅನ್ನುವ ಹಾಗೆ. "ಹನ್ನೊಂದು ವರ್ಷ, ಪ್ರತಿ ಶನಿವಾರ, ಮಂಜು ಬೀಳಲಿ, ಏನೇ ಆಗಲಿ, ನಲವತ್ತು ಮೈಲಿ ಡ್ರೈವ್ ಮಾಡಿಕೊಂಡು ಅಮ್ಮ ನನ್ನನ್ನು ಪಾಠಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ನಾನು ಒಳಗೆ ಬಾರಿಸುತ್ತಿದ್ದರೆ ಅವಳು ಹೊರಗೆ ಕಾರಿನಲ್ಲಿ ಕೂತು ಸ್ವೆಟರಿನೊಳಗೆ ಕೈ ಹುದುಗಿಸಿಕೊಂಡು ಕೇಳುತ್ತಿದ್ದಳು. ಇದು ಅವಳದು." ಇಷ್ಟನ್ನು ಇಂಗ್ಲಿಷಿನಲ್ಲಿ ಹೇಳಿದಳು. ಜನ "ಆಆ" ಎಂದು ಕರಗಿದರು. ಸಾವಿರಾರು ಜನರ ಮುಂದೆ ನನ್ನ ಮಗಳು ನನ್ನನ್ನು ಅಮ್ಮ ಅಂದಳು. ನಾನು ಕತ್ತಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಕೂತೆ.

ರುದ್ರಮ್ಮ ನನ್ನ ಕಡೆ ತಿರುಗಲಿಲ್ಲ. ಸ್ಟೇಜು ನೋಡುತ್ತಲೇ, "ಭಾಳ ಛಂದ ಬಾರಸ್ತಾಳ" ಎಂದರು.

ಶೋ ಮುಗಿದ ಮೇಲೆ ಆ ಊರಿನಲ್ಲಿ ಒಂದು ಪದ್ಧತಿ. ಬಾರಿಸಿದವರು, ಹಾಡಿದವರು ಎಲ್ಲ ಲಾಬಿಗೆ ಬಂದು ಸಾಲಾಗಿ ನಿಲ್ಲುತ್ತಾರೆ. ಬಂದ ಜನ ಕೈಕುಲುಕಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಮ್ಮವರೂ ಸಾಲು ಹಿಡಿದರು. ಇವರು, "ನಾನು ರೆಸ್ಟ್‌ರೂಮಿಗೆ ಹೋಗಿ ಸೀದಾ ಬಸ್ಸಿಗೆ ಹೋಗ್ತೀನಿ" ಎಂದವರು ಹಿಂದೆ ನೋಡದೆ ನಡೆದರು. ರುದ್ರಮ್ಮನ ಕುರ್ಚಿ ತಳ್ಳಿಕೊಂಡು ನಾನು ಸಾಲಿನಲ್ಲಿ ನಿಂತೆ. ಹೆಗಲಿನ ಚೀಲದಲ್ಲಿ ಡಬ್ಬಿ. ಈಗ ಹೇಳುತ್ತೇನೆ ಅಂದುಕೊಂಡೆ. ಅವಳ ಮುಂದೆ ನಿಂತು, ಹಿಂದೆ ತಿರುಗಿ, ನೋಡಿ, ಇವಳೇ ನನ್ನ ಇಳಾ ಅನ್ನುತ್ತೇನೆ. ನಾಲ್ಕು ಪದ. ಮನಸ್ಸಿನಲ್ಲಿ ಹತ್ತು ಸಲ ಹೇಳಿ ನೋಡಿಕೊಂಡೆ.

ಸಾಲು ಸರಿಯಿತು. ಅವಳ ಮುಂದೆ ಬಂದೆವು. ಹತ್ತಿರದಿಂದ ಮೇಕಪ್ಪಿನ ಕೆಳಗೆ ಅವಳ ಎಡಗೆನ್ನೆಯ ಮಚ್ಚೆ ಕಾಣುತ್ತಿತ್ತು. ಅವಳು ನನ್ನನ್ನು ನೋಡಿದಳು. ಕಾಯುತ್ತಿದ್ದಳು.

ರುದ್ರಮ್ಮ ಕುರ್ಚಿಯಿಂದ ಕೈ ಚಾಚಿ ಅವಳ ಬೆರಳು ಹಿಡಿದು ತಂತಿ ಒತ್ತಿ ಒತ್ತಿ ಬಿದ್ದ ಗೀರುಗಳನ್ನು ಸವರಿದರು. "ನೀ ಯಾರ ಮಗಳವಾ?" ಎಂದರು.

ಇಳಾಳ ತುಟಿ ಅಲುಗಿತು. ಆದರೆ ಅವಳು ನನ್ನ ಮುಖ ನೋಡಿದಳು. ಪ್ರಶ್ನೆಯನ್ನು ನನ್ನ ಕೈಗೆ ಬಿಟ್ಟಿದ್ದಳು. ನನ್ನ ಹಿಂದೆ ಜಯಸಿಂಹ ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ಗುರುಸಿದ್ದರ ಹೆಂಡತಿ ಕತ್ತು ಚಾಚಿದ್ದರು. ಒಂದು ಗಂಟೆಯ ಹಿಂದೆ ಇವರೆಲ್ಲರ ಮುಂದೆ ಎದ್ದು ಕೈ ಮುಗಿದು, ಡಾಕ್ಟರ್ ಮಗಳ ತಾಯಿ ಎಂದು ಚಪ್ಪಾಳೆ ತೆಗೆದುಕೊಂಡವಳು ನಾನು. ಈಗ ಬಾಯಿ ಬಿಟ್ಟರೆ ಆ ಚಪ್ಪಾಳೆಯೆಲ್ಲ ಛೀಮಾರಿಯಾಗಿ ತಿರುಗುತ್ತದೆ. ಮುಂದಿನ ಯುಗಾದಿಗೆ ಯಾವ ಮುಖ ಹೊತ್ತು ಹೋಗಲಿ? ಹೌದು, ಆ ಗಳಿಗೆಯಲ್ಲಿ ನಾನು ಯೋಚಿಸಿದ್ದು ಯುಗಾದಿ ಊಟದ ಬಗ್ಗೆ. ಥೂ, ನನ್ನ ಜನ್ಮಕ್ಕಿಷ್ಟು.

"ಅಜ್ಜಿ, ಅವರಿಗೆ ಕನ್ನಡ ಬರಲ್ಲ" ಎಂದೆ.

ಇಳಾ ಕಣ್ಣು ಮಿಟುಕಿಸಲಿಲ್ಲ. ಅವಳ ನೋಟ ನನ್ನ ಚೀಲಕ್ಕೆ ಇಳಿಯಿತು. ಜಿಪ್ಪು ಬಿಚ್ಚಿದ್ದಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳ ಕಾಣುತ್ತಿತ್ತು, ಅದರ ಮೇಲೆ ಕೊರೆದ ಹೆಸರೂ. ಆಮೇಲೆ ಬಗ್ಗಿ, ರುದ್ರಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ನೋ ಮ್ಯಾಮ್. ಐಯಾಮ್ ಸಾರಿ. ಐ ಡೋಂಟ್" ಎಂದಳು. ನನ್ನ ಸುಳ್ಳನ್ನು ನನಗೋಸ್ಕರ ತಾನು ಹೊತ್ತುಕೊಂಡಳು. ಅಪ್ಪನ ಒಂದು ಸುಳ್ಳಿಗೆ ತಟ್ಟೆ ಬಿಟ್ಟು ಎದ್ದು ಹೋದವಳು, ನನ್ನ ಸುಳ್ಳಿಗೆ ಎದ್ದು ಹೋಗಲಿಲ್ಲ. ನೆಟ್ಟಗೆ ನಿಂತು ನನ್ನ ಕಡೆ ಕೈ ಚಾಚಿದಳು. "ಎಲ್ಲಿಂದ ಬಂದಿದ್ದೀರಿ?" ಎಂದು ಇಂಗ್ಲಿಷಿನಲ್ಲಿ, ಎಲ್ಲರನ್ನೂ ಕೇಳುವ ದನಿಯಲ್ಲಿ ಕೇಳಿದಳು.

"ಮಿಶಿಗನ್" ಎಂದೆ.

"ಬಹಳ ದೂರ. ಬಂದಿದ್ದಕ್ಕೆ ಥ್ಯಾಂಕ್ಯೂ, ಮ್ಯಾಮ್."

ಅವಳ ಕೈ ಬೆಚ್ಚಗಿತ್ತು. ಎಷ್ಟು ಹೊತ್ತು ಹಿಡಿದುಕೊಂಡಿದ್ದೆನೋ, ಹಿಂದಿನವರು ನೂಕಿದರು. ಜಯಸಿಂಹ, "ಫೋಟೋ, ಫೋಟೋ! ಭಾನು ಮೇಡಂ, ಆ ಹುಡುಗಿ ಪಕ್ಕ ನಿಂತ್ಕೊಳ್ಳಿ" ಎಂದು ಎಲ್ಲರನ್ನೂ ಜೋಡಿಸಿದರು. ಅವಳು ನನ್ನ ಹೆಗಲ ಮೇಲೆ ಕೈ ಹಾಕಿದಳು, ಮಿಕ್ಕವರ ಹೆಗಲ ಮೇಲೆ ಹಾಕಿದ ಹಾಗೆಯೇ. ಐದು ನಿಮಿಷದಲ್ಲಿ ಅದು ಸಂಘದ ವಾಟ್ಸಾಪ್ ಗ್ರೂಪಿಗೆ ಬಿತ್ತು. ಕೆಳಗೆ ಬರೆದಿತ್ತು: ಸ್ಥಳೀಯ ಕಲಾವಿದೆಯೊಂದಿಗೆ ನಮ್ಮ ಹಿರಿಯರು. ಮೊದಲ ಹೆಬ್ಬೆರಳು ಒತ್ತಿದ್ದು ನನ್ನ ಗಂಡ. ಬಸ್ಸಿನಲ್ಲಿ ಕೂತೇ ಒತ್ತಿದ್ದರು.

ಬಸ್ಸಿಗೆ ಬಂದು ಕೂತೆವು. ಇನ್ನಿಬ್ಬರು ಬರಬೇಕಿತ್ತು, ಡ್ರೈವರ್ ತಲೆ ಎಣಿಸುತ್ತಿದ್ದ. ಬಾಗಿಲು ತೆರೆದೇ ಇತ್ತು. ಜಯಸಿಂಹ ಮುಂದಿನಿಂದ ಕೂಗಿದರು, "ಅಶ್ವಥ್ ಅವರೇ, ಇಷ್ಟು ದೂರ ಬಂದು ಮಗಳನ್ನ ನೋಡಕ್ಕಾಗ್ಲಿಲ್ವಲ್ಲ ನಿಮಗೆ!"

"ಡ್ಯೂಟೀಲಿದ್ಲು" ಎಂದರು ನನ್ನ ಗಂಡ. ಅವರ ದನಿ ಸ್ವಲ್ಪ ಒಡೆದಿತ್ತು. ತಿರುಗಿ ನನ್ನನ್ನು ನೋಡಲಿಲ್ಲ.

"ಪಾಪ, ಡಾಕ್ಟರ್ ಕೆಲಸ ಅಂದ್ರೆ ಹಂಗೇ ಬಿಡಿ" ಎಂದರು ಯಾರೋ.

ಚೀಲದಿಂದ ಡಬ್ಬಿ ತೆಗೆದೆ. ಕೈಯಲ್ಲಿ ಏನಾದರೂ ಕೆಲಸ ಬೇಕಿತ್ತು. ಮುಚ್ಚಳ ತೆರೆದು ರುದ್ರಮ್ಮನ ಮುಂದೆ ಹಿಡಿದು, "ತಗೊಳ್ಳಿ ಅಜ್ಜಿ, ನಿನ್ನೆಯಿಂದ ವಾಸನೆ ಅಂತಿದ್ರಲ್ಲ" ಎಂದೆ.

ರುದ್ರಮ್ಮ ಡಬ್ಬಿಯನ್ನು ನೋಡಿದರು. ಕೈ ಹಾಕಲಿಲ್ಲ. ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು, ಅದರ ಮೇಲಿನ ಅಕ್ಷರಗಳನ್ನು ಹೆಬ್ಬೆರಳಿನಿಂದ ಒರೆಸಿ, ತಾವೇ ಡಬ್ಬಿ ಮುಚ್ಚಿದರು.

"ಒಬ್ಬರ ಹೆಸರ ಹಿಡದು ಮಾಡಿದ್ದು ಮಂದಿ ತಿನ್ನಬಾರದವಾ" ಎಂದರು ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ. "ಹೋಗು, ಆಕಿಗೆ ಕೊಟ್ಟು ಬಾ. ನಾ ಯಾರಿಗೂ ಅನ್ನಂಗಿಲ್ಲ. ಬಸ್ ಇನ್ನೂ ಹೊಂಟಿಲ್ಲ."

ಕಿಟಕಿಯಾಚೆ ಥಿಯೇಟರಿನ ಗಾಜಿನ ಬಾಗಿಲೊಳಗೆ ಬಿಳಿ ಹ್ಯಾಟು ಕಾಣುತ್ತಿತ್ತು. ಅವಳು ಇನ್ನೂ ಅಲ್ಲೇ ನಿಂತು ಯಾರದೋ ಮಗುವಿನ ಕೈ ಕುಲುಕುತ್ತಿದ್ದಳು. ಐವತ್ತು ಹೆಜ್ಜೆಯೂ ಇರಲಿಲ್ಲ.

"ಯಾ‌ರಿಗೆ ಅಜ್ಜಿ?" ಎಂದೆ ನಾನು.

ರುದ್ರಮ್ಮ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟು ಕಿಟಕಿಯ ಕಡೆ ಮುಖ ತಿರುಗಿಸಿದರು. ಕೊನೆಯ ಇಬ್ಬರೂ ಹತ್ತಿದರು. ಡ್ರೈವರ್ ಬಾಗಿಲು ಹಾಕಿದ.